ಅತ್ತೆಯ ಹಸೆಪದ, ವಾಸುವಿನ ಗಿಟಾರು

ನನ್ನ ತಮ್ಮ ವಾಸುವಿಗೆ ಚಿಕ್ಕ ಹಾಡು ಅಂದರೆ ಮೈಗಾಗುವುದಿಲ್ಲ. ಹಾಡು ಶುರುವಾದ ಮೇಲೆ ಅಕ್ಕಿ ತೊಳೆದು ಒಲೆಗಿಟ್ಟರೆ, ಗಂಜಿ ಬಸಿಯುವ ಹೊತ್ತಿಗೂ ಅದು ನಡೆಯುತ್ತಲೇ ಇರಬೇಕು. ನಡುವೆ ನಾಲ್ಕಾರು ಸಲ ತಾಳ ಬದಲಾಗಬೇಕು, ಹಾಡುವವನು ಎಲ್ಲಿಗೋ ಎದ್ದು ಹೋಗಿ ಯಾವಾಗಲೋ ಮರಳಬೇಕು. ಇದಕ್ಕೆ ಪ್ರೊಗ್ರೆಸಿವ್ ರಾಕ್ ಅಂತ ಹೆಸರು. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಅಜ್ಜನ ಕಾಲದವರೆಗೆ ರಾಗಿ ಬೆಳೆದುಕೊಂಡಿದ್ದ ನಮ್ಮ ಮನೆಗೆ ಇದು ಬಂದದ್ದು ಫ್ರಿಜ್ ರಿಪೇರಿಯ ಮೂಲಕ.

ವಾಸು ಫ್ರಿಜ್ ಮೆಕ್ಯಾನಿಕ್. 2008ರಲ್ಲಿ ಸಹಕಾರನಗರದಲ್ಲಿ ಮನೆ ಖಾಲಿ ಮಾಡುತ್ತಿದ್ದ ಗಿರಾಕಿಯೊಬ್ಬರು ರಟ್ಟಿನ ಡಬ್ಬಿ ತುಂಬ ಇಂಗ್ಲಿಷ್ ಕ್ಯಾಸೆಟ್ ಕೊಟ್ಟು, "ಎಸೆಯೋಕೆ ಮನಸ್ಸು ಬರ್ತಿಲ್ಲ, ಕೇಳ್ತೀರಾದ್ರೆ ತಗೊಂಡ್ಹೋಗಿ" ಅಂದರಂತೆ. ಮನೆಗೆ ತಂದು ಹಾಕಿದ. ಒಂದು ಬದಿಗೆಲ್ಲ ಒಂದೇ ಹಾಡು. ಟೇಪ್ ರೆಕಾರ್ಡರ್ ಕೆಟ್ಟಿದೆ ಅಂದುಕೊಂಡೆ ನಾನು. ಕೆಟ್ಟದ್ದು ನನ್ನ ತಮ್ಮ ಅಂತ ಆಮೇಲೆ ಗೊತ್ತಾಯಿತು. ಗಿರಾಕಿಗಳ ಮನೆಯಲ್ಲಿ ಕಂಪ್ರೆಸರ್ ಗುಂಯ್‌ಗುಡುವುದಕ್ಕೂ ಬೆರಳು ಮಡಿಸಿ ತಾಳ ಎಣಿಸತೊಡಗಿದ.

ಕೇಳುವುದರಲ್ಲೇ ನಿಂತಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಹಳೇ ಗಿಟಾರು ಬಂತು, ಹಳೇ ಕಂಪ್ಯೂಟರು ಬಂತು, ಅದನ್ನು ನಡೆಸಲು ಲಿನಕ್ಸ್ ಅನ್ನುವ ಸಾಫ್ಟ್‌ವೇರು ಹಾಕಿದ. ರೆಕಾರ್ಡ್ ಮಾಡಲು ಒಂದು ಸಾಫ್ಟ್‌ವೇರು, ಡ್ರಮ್ ಬಾರಿಸಲು ಇನ್ನೊಂದು.

"ಇದಕ್ಕೆಲ್ಲ ದುಡ್ಡು ಯಾರೋ ಕೊಟ್ರು?" ಅಂದೆ.

"ಬಿಟ್ಟಿ ಕಣಕ್ಕ. ಯಾರ್ಯಾರೋ ಪುಣ್ಯಾತ್ಮರು ಬರೆದು ಇಟ್ಟಿದಾರೆ. ಹೆಂಗ್ ಮಾಡಿದ್ವಿ ಅನ್ನೋದನ್ನೂ ಮುಚ್ಚಿಡಲ್ಲ, ಬಿಚ್ಚಿ ಇಡ್ತಾರೆ. ತಗೊಂಡೋರು ತಾವು ಮಾಡಿದ್ದನ್ನೂ ಹಂಗೇ ಬಿಚ್ಚಿ ಇಡ್ಬೇಕು. ಅದೇ ಮರ್ಯಾದೆ."

ಫ್ರಿಜ್ಜಿಗೆ ಹಾಕಿದ ಕಾಯಿಲ್ ಯಾವ ಅಂಗಡಿಯದು ಅಂತ ಗಿರಾಕಿಗೆ ಬಾಯಿ ಬಿಡದ ಇವನ ಬಾಯಲ್ಲಿ ಈ ಮಾತು ಕೇಳಿ ನನಗೆ ನಗು ಬಂತು.

ಇನ್ನು ಪಟಾಲಮ್ಮತ್ತೆ. ನಮ್ಮಪ್ಪನ ಅಕ್ಕ. ಅಮ್ಮ ಹೋದಾಗ ನಮ್ಮ ಕೊನೆಯ ತಂಗಿ ಶಿಲ್ಪ ಇನ್ನೂ ತೊಟ್ಟಿಲಲ್ಲಿದ್ದಳು. ಮೂವರನ್ನೂ ಸಾಕಿದವಳು ಅತ್ತೆಯೇ. ನಮ್ಮೂರಿನ ಮದುವೆಗಳಲ್ಲಿ ಹೆಣ್ಣನ್ನು ಹಸೆಗೆ ಕರೆಯುವ ಪದ ಹೇಳಲು ಅವಳೇ ಬೇಕು. 2011ರಲ್ಲಿ ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತ ಆ ಪದವನ್ನೇ ಗುನುಗುತ್ತಿದ್ದಳು. ವಾಸು ಎಣಿಸಿ ನೋಡಿ ಕುಣಿದಾಡಿಬಿಟ್ಟ. "ಏಳೇಟಿನ ತಾಳ! ಅತ್ತೆ ಏಳರಲ್ಲಿ ಹಾಡ್ತಾಳೆ ಕಣಕ್ಕ! ಆ ಕ್ಯಾಸೆಟ್ಟಿನೋರು ಅಷ್ಟು ಕಷ್ಟಪಟ್ಟು ಮಾಡೋದನ್ನ ಅತ್ತೆ ಅಕ್ಕಿ ಆರಿಸ್ಕೊಂಡು ಮಾಡ್ತಾಳೆ!" ಅವಳನ್ನು ಅಡುಗೆಮನೆಯಲ್ಲೇ ಮೈಕಿನ ಮುಂದೆ ಕೂರಿಸಿ ಹಾಡಿಸಿದ. ಅದರ ಮೇಲೆ ಗಿಟಾರು, ಡ್ರಮ್ಮು, ಕೀಬೋರ್ಡು ಎಲ್ಲ ಪೇರಿಸಿ ಇಪ್ಪತ್ಮೂರು ನಿಮಿಷದ ಹಾಡು ಮಾಡಿದ. ಮರ್ಯಾದೆ ಬಿಡಬಾರದಲ್ಲ, ಹಾಡಿನ ಜೊತೆಗೆ ಒಂದೊಂದು ವಾದ್ಯದ ರೆಕಾರ್ಡಿಂಗನ್ನೂ, ಅತ್ತೆಯ ದನಿಯನ್ನೂ ಬಿಡಿಬಿಡಿಯಾಗಿ ಒಂದು ಬಿಟ್ಟಿ ವೆಬ್‌ಸೈಟಿನಲ್ಲಿ ಇಟ್ಟ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು ಅಂತ ಬರೆದ.

ಇಳಿಸಿಕೊಳ್ಳಲು ಯಾರೂ ಮುಗಿಬೀಳಲಿಲ್ಲ. ಇಂಥ ಹಾಡಿನ ಹುಚ್ಚರೆಲ್ಲ ಸೇರುವ ಇಂಟರ್‌ನೆಟ್ ಗುಂಪಿನಲ್ಲಿ 'ಕತ್ತರಿ' ಅಂತ ಅರ್ಥ ಬರುವ ಇಂಗ್ಲಿಷ್ ಹೆಸರಿನವನೊಬ್ಬ ಮಾತ್ರ ಉದ್ದಕ್ಕೆ ಬೈದಿದ್ದ. ಅಜ್ಜಿಯ ದನಿ ಚಿನ್ನ, ಅದರ ಮೇಲೆ ಗಿಟಾರಿನವನು ಮಣ್ಣು ಸುರಿದಿದ್ದಾನೆ, ನಾಲ್ಕು ನಿಮಿಷಕ್ಕೆ ಮುಗಿಸಬಹುದಿತ್ತು ಅಂತ. ವಾಸು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕತ್ತರಿ ಹೇಳಿದ್ದರಲ್ಲಿ ತಪ್ಪೇನಿದೆ ಅಂತ ನನಗೆ ಒಳಗೊಳಗೇ ಅನಿಸಿತ್ತು.

ಎರಡು ವರ್ಷದ ಮೇಲೆ ಅತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು. ದನಿ ಹೋಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು, ಹೋಯಿತು. ಜೀವ ಉಳಿಯಿತಲ್ಲ ಅಂತ ದೇವರಿಗೆ ಕೈಮುಗಿದೆವು. ಪಿಸುಮಾತಿನಲ್ಲೂ ಅವಳು ಎಲ್ಲರನ್ನೂ ಬೈಯುತ್ತಲೇ ಇದ್ದಳು, ಪದ ಹೇಳುವುದು ಮಾತ್ರ ಮುಗಿಯಿತು.

2014ರಲ್ಲಿ ಶಿಲ್ಪನ ಮದುವೆ ಗೊತ್ತಾಯಿತು. "ಅತ್ತೆ ಪದ ಇಲ್ದೆ ನಾನು ಹಸೆ ಮೇಲೆ ಕೂರಲ್ಲ" ಅಂತ ಅವಳು ಅಳತೊಡಗಿದಳು. ತಾಯಿಯ ದನಿ ಕೇಳಿಯೇ ಗೊತ್ತಿಲ್ಲದ ಹುಡುಗಿ. ಅವಳಿಗೆ ತಾಯಿ ದನಿ ಅಂದರೆ ಅದೇ. "ಅಳ್ಬೇಡ್ವೇ, ಅತ್ತೆ ನನ್ ಕಂಪ್ಯೂಟರಲ್ಲಿ ಭದ್ರವಾಗಿದ್ದಾಳೆ" ಅಂತ ವಾಸು ಎದೆ ತಟ್ಟಿಕೊಂಡ.

ಈ ಲಿನಕ್ಸಿನವರಿಗೆ ಒಂದು ಚಟ. ಏಪ್ರಿಲ್ ಬಂದರೆ ಹೊಸ ಆವೃತ್ತಿ ಬರುತ್ತದೆ, ಬಂದ ದಿನವೇ ಹಾಕಬೇಕು. ಇರುವುದು ನೆಟ್ಟಗೆ ನಡೆಯುತ್ತಿದ್ದರೂ ಕೈ ಕಡಿಯುತ್ತದೆ. ಮದುವೆಗೆ ಎರಡು ವಾರವಿದೆ ಅನ್ನುವಾಗ ವಾಸು ಹೊಸದನ್ನು ಹಾಕಲು ಕೂತ. ಹಳೆಯದನ್ನು ಅಳಿಸಲೇ ಅಂತ ಅದು ಕೇಳಿದ್ದಕ್ಕೆ ಹೂಂ ಅಂದ. ಯಾವ ಹಳೆಯದು ಅಂತ ನೋಡಲಿಲ್ಲ. ಹಾಡುಗಳಿದ್ದ ಜಾಗವೂ ಸೇರಿ ಇಡೀ ಡಿಸ್ಕ್ ಗುಡಿಸಿಹೋಯಿತು. ಊರಿನವರ ಫ್ರಿಜ್ಜಿಗೆಲ್ಲ ಸ್ಟೆಬಿಲೈಸರ್ ಹಾಕಿಸಿ ಅಂತ ಬುದ್ಧಿ ಹೇಳುವವನು ತನ್ನ ಬಿಡಿ ರೆಕಾರ್ಡಿಂಗುಗಳ ಒಂದು ಪ್ರತಿಯನ್ನೂ ತೆಗೆದಿಟ್ಟಿರಲಿಲ್ಲ. ಆ ವೆಬ್‌ಸೈಟೂ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಮನೆಯಲ್ಲಿ ಆ ಪೂರ್ತಿ ಹಾಡಿನದೊಂದು ಸಿಡಿ ಇತ್ತು, ನಿಜ. ಅದರಲ್ಲಿ ಅತ್ತೆಯ ದನಿ ಗಿಟಾರಿನ ಅಡಿಯಲ್ಲಿ ಎಲ್ಲೋ ನರಳುತ್ತಿತ್ತು. ಅದನ್ನು ಹಾಕಿದರೆ ಗಂಡಿನ ಕಡೆಯವರು ಜನರೇಟರ್ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು.

ನಾನು ಬಾಯಿಗೆ ಬಂದಂತೆ ಬೈದೆ. ಅವನು ನಡೆದದ್ದನ್ನೆಲ್ಲ ಆ ಇಂಟರ್‌ನೆಟ್ ಗುಂಪಿನಲ್ಲಿ ಬರೆದು, ಯಾರ ಹತ್ತಿರವಾದರೂ ಆ ಬಿಡಿ ರೆಕಾರ್ಡಿಂಗ್ ಉಳಿದಿದೆಯಾ ಅಂತ ಕೇಳಿದ. ಮಾರನೆಯ ದಿನ ಉತ್ತರ ಬಂತು. "ಇದೆ. ಮನೆ ಎಲ್ಲಿ?" ಬರೆದವನು ಕತ್ತರಿ.

ಅಮೆರಿಕವೋ ಇಂಗ್ಲೆಂಡೋ ಅಂತ ನಾವು ಅಂದುಕೊಂಡಿದ್ದ ಕತ್ತರಿ ಇದ್ದದ್ದು ಗಂಗಾನಗರದಲ್ಲಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದರು, ಹೆಸರು ಖುದ್ದೂಸ್. ಹೆಬ್ಬಾಳದ ಫ್ಲೈಓವರ್ ದಾಟಿ ಸ್ಕೂಟರಿನಲ್ಲಿ ತಾವೇ ಪೆನ್‌ಡ್ರೈವ್ ತಂದರು. ವಾಸು ಬಾಗಿಲಲ್ಲೇ ಅವರ ಕೈ ಹಿಡಿದು ಅತ್ತುಬಿಟ್ಟ.

"ಏನ್ ಗುರು ನೀವು, ಬೈಸ್ಕೊಂಡೋರು ಹಿಂಗ್ ಅಳ್ತಾರಾ?" ಅಂದರು ಖುದ್ದೂಸ್. "ನಿಮ್ ಹಾಡು ನಾಲ್ಕು ನಿಮಿಷಕ್ಕೆ ಕತ್ತರಿಸಿ ತೋರಿಸ್ತೀನಿ ಅಂತ ಹಟಕ್ಕೆ ಎಲ್ಲಾ ಇಳಿಸ್ಕೊಂಡಿದ್ದೆ. ಗಿಟಾರ್ ಕತ್ತರಿಸ್ದೆ, ಡ್ರಮ್ ಕತ್ತರಿಸ್ದೆ. ಅಮ್ಮನ ದನಿ ಕತ್ತರಿಸೋಕೆ ಮಾತ್ರ ಕೈ ಬರ್ಲಿಲ್ಲ. ಒಂದೊಂದ್ ಸಲ ಸುಮ್ನೆ ಹಾಕ್ಕೊಂಡು ಕೇಳ್ತಿರ್ತೀನಿ."

ಮದುವೆಯ ದಿನ ಶಿಲ್ಪ ಬಾಗಿಲಲ್ಲಿ ನಿಂತಳು. ವಾಸು ಸ್ಪೀಕರ್ ಹಾಕಿದ. ಗಿಟಾರಿಲ್ಲ, ಡ್ರಮ್ಮಿಲ್ಲ, ಛತ್ರದ ತುಂಬ ಅತ್ತೆಯ ದನಿಯೊಂದೇ. ಅತ್ತೆ ಮುಂದಿನ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು, ತುಟಿ ಆಡುತ್ತಿತ್ತು. ಶಿಲ್ಪ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದು ಹಸೆಯ ಮೇಲೆ ಕೂತಳು. ಪದ ಮುಗಿಯಿತು ಅನ್ನುವಾಗ ಸ್ಪೀಕರಿನಿಂದ ಅತ್ತೆ ಗದರಿದಳು: "ಸಾಕೇನ್ಲಾ ವಾಸು? ಆಲು ಉಕ್ಕೋಗ್ತಾ ಐತೆ, ಬುಡು ನನ್ನ!"

ಇಡೀ ಛತ್ರ ನಕ್ಕಿತು. ಶಿಲ್ಪ ನಗುತ್ತ ನಗುತ್ತಲೇ ಅತ್ತಳು. ಆ ಗದರಿಕೆ ಕೇಳಿ ವರ್ಷವಾಗಿತ್ತು ನಮಗೆ.

ಹಸೆಪದ ಹೇಳಿದವರಿಗೆ ಮೊದಲ ತಾಂಬೂಲ ಕೊಡುವುದು ನಮ್ಮ ಮನೆಯ ಪದ್ಧತಿ. ನಾನು ತಟ್ಟೆ ಹಿಡಿದು ಅತ್ತೆಯ ಮುಂದೆ ಬಗ್ಗಿದೆ. ಅವಳು ತಾಂಬೂಲ ತೆಗೆದುಕೊಂಡು ಎದ್ದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಖುದ್ದೂಸರ ಹತ್ತಿರ ಹೋಗಿ ಅವರ ಕೈಗೆ ಇಡಲು ನೋಡಿದಳು. ಅವರು ಗಾಬರಿಯಿಂದ ಎದ್ದು ನಿಂತರು.

"ಅಯ್ಯೋ ಅಮ್ಮ, ಹಾಡಿದ್ದು ನೀವು."

ಅತ್ತೆ ಅವರನ್ನು ತನ್ನ ಬಾಯಿಯ ಹತ್ತಿರಕ್ಕೆ ಬಗ್ಗಿಸಿಕೊಂಡಳು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ನನ್ ದನಿ ನನ್ ತಾವೇ ನಿಲ್ನಿಲ್ಲ. ನೀನು ಮಡಿಕಂಡಿದ್ಯಲ್ಲಪ್ಪ."

ಖುದ್ದೂಸ್ ಎರಡೂ ಕೈ ಚಾಚಿ ತಾಂಬೂಲ ತೆಗೆದುಕೊಂಡರು.