ಸರ್ಪಸುತ್ತು ಅಂದುಬಿಟ್ಟೆ

ಮೆಟ್ರೊ ಬೈಯಪ್ಪನಹಳ್ಳಿಯಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ತಾನಾಗಿ ಕಿಟಕಿಯತ್ತ ಹೊರಳುತ್ತದೆ. ಅಲ್ಲೇ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ, ಸಿಮೆಂಟ್ ಶೀಟಿನ ಬಾಡಿಗೆ ಕೋಣೆಯಲ್ಲಿ ನಾನು ಮೂರು ವರ್ಷ ಇದ್ದೆ. ಬೇಸಿಗೆಯಲ್ಲಿ ಕಾದ ಹೆಂಚು ಅದು. ಆದರೂ ಅಂಥ ಪ್ರೀತಿಯ ಮನೆ ಆಮೇಲೆ ನನಗೆ ಸಿಗಲಿಲ್ಲ.

ನಾನು ಮದುವೆಯಾಗಬೇಕೆಂದುಕೊಂಡಿದ್ದವನು ಶಿವಾಜಿನಗರದ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ. ಭಾನುವಾರ ಮಧ್ಯಾಹ್ನ ಬಿರಿಯಾನಿ ಪೊಟ್ಟಣ ಹಿಡಿದು ಬರುತ್ತಿದ್ದ. ಒಂದೇ ತಟ್ಟೆಯಲ್ಲಿ ತಿಂದು, ರೈಲು ಹೋಗುವ ಸದ್ದಿಗೆ ಮಾತು ನಿಲ್ಲಿಸಿ, ಮತ್ತೆ ಶುರುಮಾಡುತ್ತಿದ್ದೆವು. ನಮ್ಮ ಸಲಿಗೆ ಮುತ್ತಿನಿಂದ ಮುಂದಕ್ಕೆ ಹೋಗಿರಲಿಲ್ಲ. ಹೋಗಲು ನಾನೇ ಬಿಟ್ಟಿರಲಿಲ್ಲ.

ಕಾರಣ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಅವನಿಗಿಂತ ಮುಂಚೆ ನನ್ನ ಬಾಳಿನಲ್ಲಿದ್ದವನು ಬಿಟ್ಟುಹೋಗುವಾಗ ಒಂದು ಕಾಯಿಲೆ ಕೊಟ್ಟು ಹೋಗಿದ್ದ. ಹೇಳಬಾರದ ಜಾಗದಲ್ಲಿ ಗುಳ್ಳೆ ಏಳುವುದು, ಉರಿಯುವುದು, ಮಾಯುವುದು, ಮತ್ತೆ ಏಳುವುದು. ಹಲಸೂರಿನ ಡಾಕ್ಟರಮ್ಮ 'ಹರ್ಪಿಸ್' ಎಂದಿದ್ದರು. "ಗಾಯ ಇರೋವಾಗ ಬೇಡ್ವೇ ಬೇಡ. ಇಲ್ದಾಗ್ಲೂ ಕಾಂಡೋಮ್ ಇರ್ಲಿ. ದಿನಾ ಮಾತ್ರೆ ತಗೊಂಡ್ರೆ ಹರಡೋ ಛಾನ್ಸ್ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. ಮದ್ವೆಗೆ ಮುಂಚೆನೇ ಅವ್ರಿಗೆ ಹೇಳ್ಬಿಡಮ್ಮ."

ಹೇಳಲು ಬಾಯಲ್ಲಿ ಕಡುಬು ತುರುಕಿದ ಹಾಗಾಗುತ್ತಿತ್ತು. ಅವನ ಮೈಮೇಲೂ ಇಂಥದ್ದೇ ಎದ್ದರೆ ಅವನು ನನ್ನನ್ನು ಹೇಗೆ ನೋಡಬಹುದು ಎಂದು ನೆನೆದೇ ನಾನು ಸೊರಗಿದ್ದೆ.

ಒಂದು ಭಾನುವಾರ ಅವನು ಸೊಂಟ ಬಳಸಿದಾಗ ಸರಕ್ಕನೆ ಹಿಂದೆ ಸರಿದೆ. "ಏನಾಯ್ತು?" ಎಂದ. ಹರ್ಪಿಸ್ ಎಂದರೇನೆಂದು ಫೋನಿನಲ್ಲಿ ಹುಡುಕಿದ್ದಾಗ ಕನ್ನಡದಲ್ಲಿ ಸರ್ಪಸುತ್ತು ಎಂದು ಬಂದಿತ್ತು. ಅದು ಬೇರೆ ಕಾಯಿಲೆ, ಇದರ ದಾಯಾದಿ. ಮರ್ಯಾದಸ್ಥ ದಾಯಾದಿ. ಕಳ್ಳನಿಗೊಂದು ಪಿಳ್ಳೆ ನೆವ, "ಸರ್ಪಸುತ್ತು" ಅಂದುಬಿಟ್ಟೆ.

ಅವನ ಮುಖ ಬಿಳಿಚಿಕೊಂಡಿತು. "ತಲೆ ಬಾಲ ಸೇರಿಲ್ಲ ತಾನೇ?" ಸರ್ಪ ಸೊಂಟ ಸುತ್ತಿ ತಲೆಗೆ ಬಾಲ ಸೇರಿದರೆ ಪ್ರಾಣಕ್ಕೇ ಕುತ್ತು ಎಂದು ಅವನಜ್ಜಿ ಹೇಳಿದ್ದಳಂತೆ. ತಟ್ಟೆ ಬಿಟ್ಟು ಎದ್ದವನು ಹಲಸೂರು ಮಾರ್ಕೆಟ್ಟಿಗೆ ಓಡಿ, ಗ್ರಂದಿಗೆ ಅಂಗಡಿಯಿಂದ ಕೆಮ್ಮಣ್ಣು ತಂದ. ದಾರಿಯಲ್ಲಿ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಹಾಲೆರೆದೂ ಬಂದಿದ್ದ. ಕೆಮ್ಮಣ್ಣನ್ನು ಬಟ್ಟಲಲ್ಲಿ ಕಲಸಿ ನನ್ನೆದುರು ಕೂತ.

"ಎಲ್ಲಿ, ತೋರ್ಸು. ನಾನೇ ಹಚ್ತೀನಿ."

ನಗು ಬಂತು, ಹಿಂದೆಯೇ ಅಳು. ನನ್ನ ಜೀವಕ್ಕೆ ಹೆದರಿ ಓಡಿಬಂದವನ ಮುಂದೆ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಇದು ಆ ಸರ್ಪಸುತ್ತಲ್ಲ. ಮುಂಚೆ ಇದ್ದವನಿಂದ ಬಂದಿದ್ದು. ಮದ್ವೆ ಆದ್ರೆ ನಿಂಗೂ ಹತ್ಬೋದು" ಎಂದೆ. ಹಲಸೂರಿನ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ.

ಅವನು ಕೈ ತೊಳೆದುಕೊಂಡು ಮೆಟ್ಟಿಲಿಳಿದು ಹೋದ. ಐದು ದಿನ ಫೋನಿಲ್ಲ. ದೊಮ್ಮಲೂರಿನ ಆಫೀಸಿನಲ್ಲಿ ಕೂತು ಮಾಡಿದ ಕೆಲಸವೆಲ್ಲ ತಪ್ಪು. ನನ್ನ ಮೇಲೇ ನನಗೆ ಸಿಟ್ಟು.

ಆರನೆಯ ಸಂಜೆ ಬಂದು ಹೊಸ್ತಿಲಾಚೆಯೇ ನಿಂತ.

"ನಿಮ್ ಡಾಕ್ಟರ್ ಹತ್ರ ಹೋಗಿದ್ದೆ. ನಿನ್ ವಿಷ್ಯ ಏನೂ ಹೇಳ್ಲಿಲ್ಲ ಅವ್ರು. ನಂಗೆ ಬರ್ದೇ ಇರೋಕೆ ಏನ್ಮಾಡ್ಬೇಕು ಅಂತ ಅಷ್ಟೇ ಕೇಳ್ದೆ. ಹುಷಾರಾಗಿರಿ, ಗ್ಯಾರಂಟಿ ಮಾತ್ರ ಕೊಡಲ್ಲ ಅಂದ್ರು."

"ಮತ್ತೆ?"

"ಬಂದ್ರೆ ಬರ್ಲಿ, ನೋಡ್ಕೊಳ್ಳೋಣ. ಆದ್ರೆ ಸುಳ್ಳು ಹೇಳ್ದ್ಯಲ್ಲ, ಅದಕ್ಕೆ ಕೋಪ ಇದೆ. ಇನ್ನೂ ಎರಡ್ಮೂರು ದಿನ ಇರುತ್ತೆ."

"ಇರ್ಲಿ" ಎಂದೆ. "ಒಳಗ್ ಬಂದು ಕೂತ್ಕೊಂಡು ಕೋಪ ಮಾಡ್ಕೋ."

ಚಪ್ಪಲಿ ಬಿಟ್ಟು ಒಳಗೆ ಬಂದ.