ಇನ್ನೇನಕ್ಕನ ಖಾಲಿ ಲೋಟ

ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ನನ್ನ ಚಿಕ್ಕಮ್ಮನಿಗೆ ಇನ್ನೇನಕ್ಕ ಎಂದು ಹೆಸರು ಬಿದ್ದಿತ್ತು. ಯಾರಿಟ್ಟರೋ ಗೊತ್ತಿಲ್ಲ, ಅಳತೆ ತೆಗೆದು ಹೊಲಿದ ಹಾಗೆ ಒಪ್ಪುತ್ತಿತ್ತು. ಡಾಕ್ಟರನ್ನು ನೋಡುವ ಮೊದಲು ಎಲ್ಲರೂ ಅವಳ ಕೋಣೆಗೆ ಹೋಗಿ, ತಾವು ಈಗಾಗಲೇ ಯಾವ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೇವೆ ಎಂದು ಹೇಳಬೇಕಿತ್ತು. ಒಂದು ಹೇಳಿದರೆ ಅವಳು "ಇನ್ನೇನು?" ಎನ್ನುವಳು. ಇನ್ನೊಂದು ನೆನಪಿಸಿಕೊಂಡು ಹೇಳಿದರೆ ಮತ್ತೆ "ಇನ್ನೇನು?" ಇನ್ನೇನೂ ಇಲ್ಲ ತಾಯಿ ಎಂದು ಕೈಮುಗಿದವರನ್ನೂ ಬಿಡುತ್ತಿರಲಿಲ್ಲ.

ಕೋಣೆ ಇದ್ದದ್ದು ಮೆಟ್ಟಿಲ ಕೆಳಗೆ. ಮೇಲೆ ಯಾರಾದರೂ ಅವಸರದಲ್ಲಿ ಹತ್ತಿದರೆ ಸುಣ್ಣದ ಪುಡಿ ಮೇಜಿನ ಮೇಲೆ ಉದುರುತ್ತಿತ್ತು. ಒಂದು ಉದ್ದನೆಯ ಬೆಂಚು, ಒಂದು ಮೇಜು, ಮೇಜಿನ ಮೇಲೆ ಖಾಲಿ ಸ್ಟೀಲ್ ಲೋಟ. ನನ್ನ ಹೊಲಿಗೆ ಅಂಗಡಿ ಎದುರು ಸಾಲಿನಲ್ಲೇ ಇದ್ದುದರಿಂದ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದದ್ದು ಅವಳ ಜೊತೆಗೇ. ಊಟ ಮಾಡುತ್ತಾ ಅವಳು ಬೆಳಗಿನ ಪ್ರಸಂಗಗಳನ್ನು ಹೇಳುವಳು. ಯಾರು ಎಂದು ಮಾತ್ರ ಜಪ್ಪಯ್ಯ ಅಂದರೂ ಹೇಳುತ್ತಿರಲಿಲ್ಲ.

ಜನ ಸುಳ್ಳು ಹೇಳುವುದಿಲ್ಲ, ತಾವು ನುಂಗುವುದನ್ನೆಲ್ಲ ಔಷಧಿ ಅಂತ ಅವರು ಎಣಿಸುವುದೇ ಇಲ್ಲ ಎನ್ನುವುದು ಅವಳ ವಾದ. ಅದಕ್ಕೆ ಅವಳು ಕಂಡುಕೊಂಡಿದ್ದ ಉಪಾಯವೇ ಆ ಖಾಲಿ ಲೋಟ. ಮಾತು ನಿಂತ ಮೇಲೆ ಲೋಟವನ್ನು ಅವರ ಕೈಗೆ ಕೊಟ್ಟು, ಈ ಬೆಂಚೇ ನಿಮ್ಮ ಹಾಸಿಗೆ, ಈಗ ತಾನೇ ಎದ್ದಿದ್ದೀರಿ, ಏನೇನು ಮಾಡ್ತೀರೋ ಮಾಡಿ ತೋರಿಸಿ ಎನ್ನುವಳು. ಮೊದಲು ನಾಚಿಕೊಳ್ಳುತ್ತಿದ್ದರು. ಆಮೇಲೆ ಕೈ ತನ್ನ ಪಾಡಿಗೆ ತಾನು ಕೆಲಸ ಶುರು ಮಾಡುತ್ತಿತ್ತು.

ಒಬ್ಬ ಬಸ್ ಡ್ರೈವರ್ ತಾನು ಜನ್ಮದಲ್ಲಿ ಮಾತ್ರೆ ಮುಟ್ಟಿಲ್ಲ ಎಂದು ಎದೆ ತಟ್ಟಿಕೊಂಡಿದ್ದನಂತೆ. ಬೆಂಚಿನ ಮೇಲೆ ಕೂತು ಸ್ಟೀರಿಂಗ್ ಹಿಡಿಯುವ ಮುಂಚೆ ಅವನ ಕೈ ಸೀದಾ ಮೇಲಿನ ಕನ್ನಡಿಯ ಹಿಂದಕ್ಕೆ ಹೋಯಿತು. ಅಲ್ಲೇನಿದೆ ಎಂದರೆ, ದಿನಾ ಒಂದು ನೆಗಡಿ ಮಾತ್ರೆ. ನೆಗಡಿಯದ್ದೂ ಲೆಕ್ಕಾನಾ ಎಂದು ಅವನಿಗೇ ಆಶ್ಚರ್ಯ. ಒಬ್ಬರು ಮೇಷ್ಟ್ರು ತಲೆ ಹಿಂದಕ್ಕೆ ಬಾಗಿಸಿ ಕಣ್ಣು ಅಗಲಿಸಿದರು. ಹನಿ ಹಾಕುವುದು ಕಣ್ಣಿಗಲ್ಲವೇ, ಹೊಟ್ಟೆಗೇನು ಸಂಬಂಧ ಎಂದು ವಾದಕ್ಕೆ ಬೇರೆ ನಿಂತರು. ಇನ್ನೊಂದು ದಂಪತಿ, ಇಬ್ಬರಿಗೂ ಬಿ.ಪಿ. ಇದೆಯೆಂದು ಗಂಡನಿಗೆ ಕೊಟ್ಟ ಮಾತ್ರೆಯನ್ನೇ ಮುರಿದು ಅರ್ಧರ್ಧ ನುಂಗುತ್ತಿದ್ದರು. ಅವರ ಪ್ರೀತಿ ನೋಡಿ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ ಎಂದು ಚಿಕ್ಕಮ್ಮ ನೀರು ಕುಡಿದಳು.

ಆ ಲೋಟ ಒಂದು ದಿನ ನಮ್ಮ ಮನೆಗೇ ತಗಲಿಕೊಳ್ಳುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಪ್ಪ ಹೋಗಿ ಆರು ತಿಂಗಳಾಗಿರಬೇಕು. ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ, ಮಾರನೆಯ ದಿನ ಬೆಳಿಗ್ಗೆ ಆಪರೇಷನ್ ಎಂದು ಗೊತ್ತಾಯಿತು. ಸೇರಿಸುವ ಮೊದಲು ಚಿಕ್ಕಮ್ಮನ ಕೋಣೆ. ತಂಗಿಯ ಹತ್ತಿರ ಏನು ವಿಚಾರಣೆ ಎಂದು ಅಮ್ಮ ಬಾಗಿಲಲ್ಲೇ ಗೊಣಗಿದಳು. ಅಮ್ಮ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ, ಬೇಗ ಮುಗಿಸು ಎಂದು ನಾನೂ ದನಿ ಸೇರಿಸಿದೆ. ಒಂದೇ ಮನೆಯಲ್ಲಿದ್ದವಳು ನಾನು, ನನಗೆ ಗೊತ್ತಿಲ್ಲವೇ?

ಚಿಕ್ಕಮ್ಮ ನಮ್ಮ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಿನ್ನ ಮಾತ್ರೆ ಯಾವುದು, ಇನ್ನೇನು ಎಂದು ಕೇಳಿಯೇ ಕೇಳಿದಳು; ಅಮ್ಮ ಪ್ರತಿ ಸಲವೂ ಏನೂ ಇಲ್ಲ ಎಂದಳು. ಅವಳ ಕಣ್ಣು ಅಮ್ಮನ ಮೊಣಕೈ ಹತ್ತಿರದ ನೀಲಿ ಕಲೆಯ ಮೇಲಿತ್ತು. ಇದೇನು ಎಂದರೆ ಅಮ್ಮ ಬಾಗಿಲು ತಗಲಿತು ಎಂದಳು. ಇನ್ನೊಂದು ಕೈಯಲ್ಲೂ ಅಂಥದ್ದೇ ಕಲೆ. ಅದಕ್ಕೂ ಬಾಗಿಲೇ. ಸಣ್ಣ ಪೆಟ್ಟಿಗೆ ಇಷ್ಟು ರಕ್ತ ಕಟ್ಟಿದರೆ, ನಾಳೆ ಕತ್ತರಿ ಹಾಕಿದ ಮೇಲೆ ರಕ್ತ ನಿಲ್ಲದಿದ್ದರೆ ಗತಿ ಏನು ಎಂದು ಚಿಕ್ಕಮ್ಮ ನನಗೆ ಮೆಲ್ಲಗೆ ಹೇಳಿದಳು. ಅಪ್ಪನನ್ನು ಕಳೆದುಕೊಂಡ ವರ್ಷವೇ ಅಮ್ಮನನ್ನೂ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಚಿಕ್ಕಮ್ಮ ಲೋಟ ಮುಂದಿಟ್ಟಳು. ಊರವರಿಗೆಲ್ಲ ಆಡಿಸುವ ನಾಟಕ ನನಗೂ ಆಡಿಸ್ತೀಯಾ ಎಂದು ಅಮ್ಮ ನಕ್ಕಳು. ನಗುತ್ತಲೇ ಬೆಂಚಿನ ಮೇಲೆ ಕಾಲು ಮೇಲಿಟ್ಟುಕೊಂಡು ಕೂತಳು. ಇಲ್ಲದ ಹೊದಿಕೆ ಸರಿಸಿದಳು, ಮಡಿಸಿದಳು, ದಿಂಬಿನ ಪಕ್ಕಕ್ಕಿಟ್ಟಳು. ಕೂದಲು ಗಂಟು ಹಾಕಿಕೊಂಡಳು. ಖಾಲಿ ಲೋಟದಿಂದ ಒಂದು ಗುಟುಕು ಇಲ್ಲದ ನೀರು ಕುಡಿದಳು. ಆಮೇಲೆ ಅವಳ ಕೈ ತಲೆಯ ಪಕ್ಕದ ಇಲ್ಲದ ಕಪಾಟಿಗೆ ಹೋಗಿ, ಹೆಬ್ಬೆರಳಿನಿಂದ ಏನನ್ನೋ ಒತ್ತಿ ಬಿಡಿಸಿತು. ಬೆರಳ ತುದಿಯಲ್ಲಿ ಅದನ್ನು ಹಿಡಿದು ಎಡಗಡೆಗೆ, ಬೆಂಚಿನ ಖಾಲಿ ಜಾಗದ ಕಡೆಗೆ ಚಾಚಿದಳು. ಯಾರದೋ ಅಂಗೈ ಮೇಲೆ ಇಡುವ ಹಾಗೆ.

ಅಪ್ಪ ಮಲಗುತ್ತಿದ್ದದ್ದು ಆ ಕಡೆ.

ಚಾಚಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹಿಂದಕ್ಕೆ ಬಂತು, ಅವಳ ಬಾಯಿಗೇ ಹೋಯಿತು. ಅಮ್ಮ ನಗುವುದನ್ನು ನಿಲ್ಲಿಸಿದ್ದಳು.

"ಅಕ್ಕ, ಭಾವನ ಮಾತ್ರೆ ನೀನು ತಗೋತಿದ್ದೀಯಾ?"

ಅಪ್ಪನಿಗೆ ಹೃದಯದ ತೊಂದರೆ ಇತ್ತು. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಬೆಳಿಗ್ಗೆ ಒಂದು ಮಾತ್ರೆ. ಅಂಗಡಿಯಲ್ಲಿ ಎಲ್ಲಿ ಮುಗಿದುಹೋಗುತ್ತದೋ ಎಂದು ಅವರು ರಾಶಿ ರಾಶಿ ತಂದಿಡುತ್ತಿದ್ದರು. ಆ ರಾಶಿ ಏನಾಯಿತು ಎಂದು ನಾವ್ಯಾರೂ ಕೇಳಿರಲಿಲ್ಲ.

ಅಷ್ಟು ಕೇಳಿದಾಗ ಯಾಕಮ್ಮಾ ಬಾಯಿ ಬಿಡಲಿಲ್ಲ ಎಂದು ನಾನು ರೇಗಿದೆ.

"ನಿನ್ನ ಮಾತ್ರೆ ಯಾವುದು ಅಂತ ಕೇಳಿದ್ರಿ. ಅದು ನಂದಲ್ವಲ್ಲ, ಅವರದು," ಎಂದಳು ಅಮ್ಮ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬೆಳಿಗ್ಗೆ ಎದ್ದ ತಕ್ಷಣ ಕೈ ತಾನಾಗೇ ಬಿಡಿಸಿಬಿಡುತ್ತೆ. ಬಿಡಿಸಿದ ಮೇಲೆ ಯಾರಿಗೆ ಕೊಡ್ಲಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಚಿಕ್ಕಮ್ಮ ಎದ್ದು ಡಾಕ್ಟರ ಹತ್ತಿರ ಹೋಗಿ ಬಂದಳು. ಆಪರೇಷನ್ ಒಂದು ವಾರ ಮುಂದಕ್ಕೆ ಹೋಯಿತು. ಮಾತ್ರೆ ನಿಲ್ಲಿಸಿದ ಮೇಲೆ ನೀಲಿ ಕಲೆ ಹಳದಿಯಾಗಿ ಮಾಸಿತು. ಕಲ್ಲು ತೆಗೆದರು, ರಕ್ತ ನಿಲ್ಲಬೇಕಾದಷ್ಟಕ್ಕೆ ನಿಂತಿತು, ಅಮ್ಮ ಮನೆಗೆ ಬಂದಳು.

ಬಂದಳು ನಿಜ, ಆದರೆ ಬೆಳಿಗ್ಗೆ ಎದ್ದವಳು ಹಾಸಿಗೆಯ ಮೇಲೆ ಸುಮ್ಮನೆ ಕೂತೇ ಇರುತ್ತಿದ್ದಳು. ಕಪಾಟು ಖಾಲಿ. ಕೈಗೆ ಕೆಲಸವಿಲ್ಲ.

ಪಕ್ಕದ ಬೀದಿಯಲ್ಲೇ ಇದ್ದ ಚಿಕ್ಕಮ್ಮ ಒಂದು ದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದು, ತನ್ನ ಬಿ.ಪಿ. ಮಾತ್ರೆಯ ಹಾಳೆಯನ್ನು ಆ ಕಪಾಟಿನಲ್ಲಿಟ್ಟಳು. ಅಮ್ಮನ ಎಡಗಡೆ ಹಾಸಿಗೆಯ ಮೇಲೆ ಕೂತು ಅಂಗೈ ಒಡ್ಡಿದಳು.

"ನಂಗೆ ಮರೆತುಹೋಗುತ್ತೆ ಅಕ್ಕ. ನೀನೇ ಕೊಡು."

ಊರಿನವರ ಮಾತ್ರೆಯೆಲ್ಲ ನೆನಪಿರುವವಳಿಗೆ ತನ್ನದೊಂದು ಮರೆತುಹೋಗುತ್ತದಂತೆ. ಅಮ್ಮ ಅವಳನ್ನು ಒಮ್ಮೆ ದಿಟ್ಟಿಸಿ, ಮಾತ್ರೆ ಬಿಡಿಸಿ ಅಂಗೈ ಮೇಲಿಟ್ಟಳು. ಅಂದಿನಿಂದ ಅಮ್ಮ ಇರುವವರೆಗೂ ಅದು ತಪ್ಪಲಿಲ್ಲ. ಚಿಕ್ಕಮ್ಮ ಕೆಲಸದಿಂದ ನಿವೃತ್ತಳಾದ ಮೇಲೂ, ಕಾಲು ನೋಯುತ್ತಿದ್ದರೂ, ಬಂದು ಕೂರುತ್ತಿದ್ದಳು.

ಅಮ್ಮ ಹೋದ ಮಾರನೆಯ ಬೆಳಿಗ್ಗೆ ನಾನು ಬರಿದಾದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಬಾಗಿಲ ಸದ್ದಾಯಿತು. ಚಿಕ್ಕಮ್ಮ ಎಂದಿನಂತೆ ಬಂದು ಹಾಸಿಗೆಯ ಎಡಗಡೆ ಕೂತಳು. ಅತ್ತು ಅತ್ತು ಅವಳ ಮುಖ ಊದಿತ್ತು. ಮಾತ್ರೆಯನ್ನು ಅವಳ ಮನೆಗೇ ತಲುಪಿಸುತ್ತೇನೆ, ಇನ್ನು ಈ ಕಾಲು ನೋವಿನಲ್ಲಿ ನಡೆದು ಬರಬೇಡ ಎಂದು ನಾನು ಹೇಳಹೊರಟೆ. ಅವಳು ಅಂಗೈ ಒಡ್ಡಿದ್ದಳು.

ಮಡಿಸುತ್ತಿದ್ದ ಸೀರೆ ಪಕ್ಕಕ್ಕಿಟ್ಟು, ಕಪಾಟಿನಿಂದ ಹಾಳೆ ತೆಗೆದೆ. ಅಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತು ಒಂದು ಮಾತ್ರೆ ಬಿಡಿಸಿದೆ.