ಕೋಸಿನ ಮುಂಗಡ, ಷೇರಿನ ಗಡುವು

ಆವತ್ತು ಕೊಟ್ಟಿಗೆ ಬಾಚಿದೆ. ಹಾಲು ಕರೆದು ಡೇರಿಗೆ ಹಾಕಿದೆ. ಕೋಸಿನ ಸಾಲಲ್ಲಿ ಕಳೆ ಕಿತ್ತೆ. ಅತ್ತೆಗೆ ತಲೆಗೆ ನೀರು ಹುಯ್ದೆ. ಆನೆ ತಡೆಯುವ ಸೋಲಾರ್ ಬೇಲಿಯ ಬ್ಯಾಟರಿ ಒರೆಸಿದೆ. ಅದು ಕೆಟ್ಟು ವಾರವಾಗಿತ್ತು, ಒರೆಸಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಒರೆಸಿದೆ.

ಹೊಸದಕ್ಕೆಂದು ಯಜಮಾನರು ನನ್ನ ಕೈಗೆ ಕೊಟ್ಟಿದ್ದ ದುಡ್ಡು ನನ್ನ ಬಳಿ ಇರಲಿಲ್ಲ. ಬ್ಯಾಟರಿ ತರಲು ಮರುದಿನ ಬೆಳಗಿನ ಬಸ್ಸಿಗೆ ಅವರು ಪೇಟೆಗೆ ಹೊರಡುವವರಿದ್ದರು. ಆನೆ ಆಗಲೇ ಪಕ್ಕದ ಹೊಲದವರೆಗೆ ಬಂದು ಹೋಗಿತ್ತು.

ದುಡ್ಡನ್ನು ಷೇರುಪೇಟೆಯ ಆಪ್ಷನ್‌ಗೆ ಹಾಕಿದ್ದೆ. ಫೋನಿನಲ್ಲಿ ಅದರ ಪಾಠ ಕೇಳಿದಾಗ, ಅಯ್ಯೋ, ಇದು ನಮ್ಮ ಕೋಸಿನ ಮುಂಗಡವೇ ಅಲ್ಲವೇ ಅನ್ನಿಸಿತ್ತು. ವ್ಯಾಪಾರಿ ಎಲೆ ಅಡಿಕೆಯ ಮೇಲೆ ಮುಂಗಡ ಇಟ್ಟು, ಇಂಥ ದಿನದೊಳಗೆ ಇಂಥ ಬೆಲೆಗೆ ಕಡಿಯುತ್ತೇನೆ ಅನ್ನುತ್ತಾನೆ. ಪೇಟೆಯಲ್ಲಿ ಬೆಲೆ ಏರಿದರೆ ಒಯ್ಯುತ್ತಾನೆ. ಇಳಿದರೆ ಮುಂಗಡ ಬಿಟ್ಟು ಈ ಕಡೆ ತಲೆ ಹಾಕುವುದಿಲ್ಲ. ಇಷ್ಟು ವರ್ಷ ಈಸಿಕೊಂಡವಳು ಈಗ ಕೊಡುವವಳಾದೆನೆಂದು ಬೀಗಿದೆ. ಒಂದು ಕಂಪನಿಯ ಲಾಭನಷ್ಟ ಹೊರಬೀಳುವ ಹಿಂದಿನ ದಿನ, ಷೇರು ಏರುತ್ತದೆಂದು ಕಾಲ್ ಆಪ್ಷನ್, ಅಂದರೆ ಗಡುವಿನೊಳಗೆ ಗೊತ್ತಾದ ಬೆಲೆಗೆ ಅದನ್ನು ಕೊಳ್ಳುವ ಹಕ್ಕು, ಕೊಂಡೆ.

ಷೇರು ಏರಿತು, ಸ್ವಲ್ಪ. ಆಪ್ಷನ್ ಮಾತ್ರ ಅರ್ಧಕ್ಕೆ ಇಳಿಯಿತು. ಕಾದರೆ ಕೋಸೂ ಗಡ್ಡೆ ಕಟ್ಟುತ್ತದಲ್ಲ ಎಂದು ಕಾದೆ. ಷೇರು ಆ ಗೊತ್ತಾದ ಬೆಲೆ ಮುಟ್ಟಲೇ ಇಲ್ಲ, ಗಡುವಿನ ದಿನ ಆಪ್ಷನ್ ಸೊನ್ನೆಯಾಯಿತು.

ಸಂಜೆ ಮೂವರೂ ಅವರೆಕಾಯಿ ಬಿಡಿಸುತ್ತಾ ಕೂತಾಗ ತಲೆ ಬಗ್ಗಿಸಿಕೊಂಡೇ ಎಲ್ಲ ಹೇಳಿದೆ.

"ಏರ್ತು ಅಂತೀಯಲ್ಲಮ್ಮಿ, ಮತ್ಯಾಕ್ ಓಯ್ತು?" ಎಂದರು ಅತ್ತೆ.

ಯಜಮಾನರು ಒಂದು ಕಾಯಿ ಬಿಡಿಸಿ ಮುಗಿಸಿದರು. "ಮೋಡ ಕವ್ದಾಗ ಯಾಪಾರಿ ಮುಂಗಡ ಜಾಸ್ತಿ ಕೊಡ್ತಾನೆ, ಏನಾಯ್ತದೋ ಅಂತ. ಮಳೆ ಉಯ್ದುಬುಟ್ಮೇಲೆ ಯಾರ್ ಕೊಟ್ಟಾರು? ನೀನು ಮೋಡದ್ ದಿನ ಕೊಂಡಿದ್ದೀಯ ಕಣಮ್ಮಿ."

ಲಾಭನಷ್ಟ ಹೊರಬಿದ್ದದ್ದೇ ಆ ಮಳೆಯೆಂದು ಆಗ ಹೊಳೆಯಿತು.

"ಓದ್ವರ್ಸ ಆ ಯಾಪಾರಿ ಗಡುವು ಮುಗುದ್ ಮಾರ್ನೇ ದಿನ ಬಂದ್ನಲ್ಲ, ಅವುನ್ಗೆ ಏನಂದೆ?" ಎಂದರು ಯಜಮಾನರು.

ಅಂದದ್ದು ಮರೆತಿರಲಿಲ್ಲ. "ದಿನ ಕಳುದ್ಮೇಲೆ ನಿನ್ ಮುಂಗಡ ಎಲೆ ಅಡ್ಕೆಗೂ ಬರಲ್ಲ ಓಗಣ್ಣ" ಎಂದು ಬೀದಿಯವರೆದುರು ನಕ್ಕು, ಕೋಸನ್ನು ಬೇರೆಯವನಿಗೆ ಕೊಟ್ಟಿದ್ದೆ. ಒಂದೊಂದು ದಿನ ಕಳೆದಾಗಲೂ ಅವನ ಮುಂಗಡ ಸವೆಯುವುದನ್ನು ಬೆರಳು ಮಡಚಿ ಎಣಿಸಿದವಳೂ ನಾನೇ. ಫೋನಿನ ಪಾಠವಷ್ಟೇ ತಿಳಿಯದೆ ಹೋಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನನ್ನ ಹೊಲದಲ್ಲೇ ಕಂಡದ್ದು ಷೇರಿನಲ್ಲಿ ನನಗೆ ಕಾಣದೆ ಹೋಯಿತು.

"ಆನೆಗೂ ಒಂದ್ ಮುಂಗಡ ಕೊಟ್ಬುಡು, ಬರ್ಬ್ಯಾಡ ಅಂತ," ಎಂದರು ಅತ್ತೆ. ಯಾರೂ ನಗಲಿಲ್ಲ, ಅವರೂ ಸಹ.

"ಬೆಳಿಗ್ಗೆ ಬಸ್ಸಿಗ್ ಓಗಲ್ಲ," ಎಂದರು ಯಜಮಾನರು. "ಕೋಸ್ ಕಡಿಯೋಗಂಟ ಒಲದ್ ಅಟ್ಟಣೆ ಮ್ಯಾಲೇ ಮಲಗ್ತೀನಿ." ನಾನೂ ಬರುತ್ತೇನೆಂದೆ. ಬೇಡವೆಂದು ತಲೆಯಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಉಂಡದ್ದು ರಾಗಿಮುದ್ದೆ, ಅವರೆಕಾಳಿನ ಸಾರು. ಅವರು ಕಂಬಳಿ, ಆನೆ ಬಂದರೆ ಬಡಿಯಲು ತಗಡಿನ ಡಬ್ಬ ಹಿಡಿದು ಹೋದರು. ಅತ್ತೆ ಮೊದಲು ಮಲಗಿದರು. ನಾನು ಡಬ್ಬದ ಸದ್ದಿಗೆ ಹೊಲದ ಕಡೆ ಕಿವಿಗೊಟ್ಟು ಕೂತೆ.